ಭಾನುವಾರದ ಓಟ, ಭಾನುವಾರದ ಆಟ

ಎರಿಕ್ ಲಿಡೆಲ್ ಅವರ ಹೆಸರು ಬಂದ ಕೂಡಲೇ ನೆನಪಾಗುವುದು ಅವರು ಓಡದೆ ಬಿಟ್ಟ ಓಟ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟದ ಹೀಟ್ಸ್ ಜುಲೈ 6ರ ಭಾನುವಾರಕ್ಕೆ ಬಿದ್ದಿದ್ದವು. ಕರ್ತನ ದಿನದಲ್ಲಿ ತಾವು ಓಡುವುದಿಲ್ಲ ಎಂದು ಸ್ಕಾಟ್ಲೆಂಡಿನ ಈ ಓಟಗಾರ ಹೇಳಿದರು. ಅದೇ ವಾರದ ಶುಕ್ರವಾರ, ಅವರದೆಂದು ಯಾರೂ ಎಣಿಸಿರದಿದ್ದ ನಾನೂರು ಮೀಟರ್ ಓಟದಲ್ಲಿ ಚಿನ್ನ ಗೆದ್ದರು. ಸಂಡೇ ಸ್ಕೂಲುಗಳಲ್ಲಿ, ಪ್ರಸಂಗಗಳಲ್ಲಿ, ಕ್ರೈಸ್ತ ಕ್ರೀಡಾಪಟುಗಳ ಕೂಟಗಳಲ್ಲಿ ನೂರು ವರ್ಷದಿಂದ ಹೇಳಿಕೊಂಡು ಬಂದ ಕಥೆ ಇದು. ಕಥೆಯೇನೋ ನಿಜ, ಆದರೆ ಅದು ಅರ್ಧ ಕಥೆ. ಉಳಿದರ್ಧ ನಡೆದದ್ದು ಇಪ್ಪತ್ತು ವರ್ಷಗಳ ನಂತರ, ಚೀನಾದ ಒಂದು ಸೆರೆಶಿಬಿರದಲ್ಲಿ. ಅದೂ ಒಂದು ಭಾನುವಾರವೇ. ಆ ಹೊತ್ತಿಗೆ ಲಿಡೆಲ್ ಓಟಗಾರರಾಗಿ ಉಳಿದಿರಲಿಲ್ಲ, ಮಕ್ಕಳ ಆಟದ ಮೇಷ್ಟ್ರಾಗಿದ್ದರು.

ಅವರು ಹುಟ್ಟಿದ್ದು ಸಹ ಚೀನಾದಲ್ಲಿಯೇ, 1902ರ ಜನವರಿ 16ರಂದು, ತಿಯಾನ್‌ಜಿನ್ ನಗರದಲ್ಲಿ. ತಂದೆತಾಯಿ ಲಂಡನ್ ಮಿಷನರಿ ಸೊಸೈಟಿಯವರು. ಕನ್ನಡಿಗರಿಗೆ ಈ ಸಂಸ್ಥೆ ಹೊಸದಲ್ಲ. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಚ್ಚಿದ ಜಾನ್ ಹ್ಯಾಂಡ್ಸ್ ಇದೇ ಸೊಸೈಟಿಯವರು. ನಮ್ಮ ಶಾಸನಗಳನ್ನು ಬೆಳಕಿಗೆ ತಂದ ಬಿ.ಎಲ್. ರೈಸ್ ಅವರ ತಂದೆಯೂ ಇದರ ಕಡೆಯಿಂದ ಬೆಂಗಳೂರಿಗೆ ಬಂದವರು. ಮಿಷನರಿಗಳ ಮಕ್ಕಳ ಬಾಳಿಗೆ ಆಗ ಒಂದು ಕಟ್ಟಳೆ ಇತ್ತು. ಹಾಲುಹಲ್ಲು ಉದುರುವ ವಯಸ್ಸಿಗೆ ಅವರನ್ನು ಇಂಗ್ಲೆಂಡಿನ ವಸತಿಶಾಲೆಗೆ ಬಿಟ್ಟು ತಂದೆತಾಯಿ ಹಡಗು ಹತ್ತುತ್ತಿದ್ದರು. ಎರಿಕ್ ಮತ್ತು ಅವರ ಅಣ್ಣ ರಾಬ್ 1908ರಲ್ಲಿ ಲಂಡನ್ನಿನ ಶಾಲೆಗೆ ಸೇರಿದಾಗ ಎರಿಕ್‌ಗೆ ಆರು ವರ್ಷ. ಮಿಷನರಿಗಳ ಗಂಡುಮಕ್ಕಳಿಗಾಗಿಯೇ ಇದ್ದ ಆ ಶಾಲೆ ಮುಂದೆ ಎಲ್ತಮ್ ಕಾಲೇಜ್ ಎನಿಸಿತು. ತಂದೆತಾಯಿಯನ್ನು ವರ್ಷಗಟ್ಟಲೆ ನೋಡದೆ ಬೆಳೆಯುವ ಹುಡುಗರಿಗೆ ಅಲ್ಲಿ ಮೈದಾನವೇ ಅಂಗಳ. ಮಾತು ಕಡಿಮೆಯಿದ್ದ ಎರಿಕ್ ರಗ್ಬಿಯಲ್ಲಿ, ಓಟದಲ್ಲಿ ಮುಂದೆ ಬಂದದ್ದು ಆ ಅಂಗಳದಿಂದ.

1920ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ವಿಜ್ಞಾನ ಓದಲು ಬಂದ ಮರುವರ್ಷ ಅವರಿಗೆ ಟಾಮ್ ಮೆಕರ್ಚರ್ ಸಿಕ್ಕರು. ಲಿಡೆಲ್ ಕಥೆ ಹೇಳುವವರು ಈ ಹೆಸರನ್ನು ಹೆಚ್ಚಾಗಿ ದಾಟಿ ಹೋಗುತ್ತಾರೆ. 1981ರ ‘ಚಾರಿಯಟ್ಸ್ ಆಫ್ ಫೈರ್’ ಚಿತ್ರ ಲಿಡೆಲ್‌ರ ಎದುರಾಳಿ ಹೆರಾಲ್ಡ್ ಅಬ್ರಹಾಮ್ಸ್‌ ಅವರ ಕೋಚ್ ಸ್ಯಾಮ್ ಮುಸಾಬಿನಿಯನ್ನು ಮನೆಮಾತು ಮಾಡಿತು; ಮೆಕರ್ಚರ್‌ಗೆ ಆ ಭಾಗ್ಯ ಬರಲಿಲ್ಲ. ಜೀವನಕ್ಕೆ ಕಾಗದದ ಕೆಲಸ, ಮನೆತುಂಬ ಮಕ್ಕಳು, ಸಂಜೆ ಹೊತ್ತು ಪೌಡರ್‌ಹಾಲ್ ಮೈದಾನದಲ್ಲಿ ಓಟಗಾರರಿಗೆ ತರಬೇತಿ: ಇದು ಮೆಕರ್ಚರ್ ಅವರ ದಿನಚರಿ. ಪೌಡರ್‌ಹಾಲ್‌ನಲ್ಲಿ ಹಣಕ್ಕಾಗಿ ಓಡುವ ವೃತ್ತಿ ಓಟಗಾರರೂ ಅಭ್ಯಾಸ ಮಾಡುತ್ತಿದ್ದರು. ಅವರು ಕಾಲ್ಬೆರಳ ತುದಿಯಲ್ಲಿ ಕುಣಿಯುತ್ತ ಮೈ ಬಿಸಿ ಮಾಡಿಕೊಳ್ಳುವುದನ್ನು ಮೊದಲ ಸಲ ಕಂಡಾಗ ಲಿಡೆಲ್‌ಗೆ ನಗುವೂ ಬಂತು, ಜನರೆದುರು ತಾವೂ ಹಾಗೆ ಮಾಡಬೇಕಲ್ಲ ಎಂದು ನಾಚಿಕೆಯೂ ಆಯಿತು. ಮುಂದೆ ಅವರು ಇದನ್ನು ನಗುನಗುತ್ತ ಹೇಳಿಕೊಳ್ಳುತ್ತಿದ್ದರು.

ಲಿಡೆಲ್ ಓಡುವ ರೀತಿಯನ್ನು ನೋಡಿ ಯಾವ ಕೋಚ್ ಆದರೂ ತಲೆ ಚಚ್ಚಿಕೊಳ್ಳಬೇಕಿತ್ತು. ಮೊಣಕಾಲು ಎದೆಮಟ್ಟಕ್ಕೆ ಏರುತ್ತಿತ್ತು, ತೋಳು ಗಾಳಿಯಂತ್ರದಂತೆ ಬೀಸುತ್ತಿತ್ತು. ಗುರಿ ಹತ್ತಿರ ಬಂದಂತೆ ತಲೆ ಹಿಂದಕ್ಕೆ ವಾಲಿ ಬಾಯಿ ತೆರೆದು ಮುಖ ಆಕಾಶಕ್ಕೆ ತಿರುಗುತ್ತಿತ್ತು. ಮೆಕರ್ಚರ್ ಇದನ್ನು ಸರಿಪಡಿಸುವ ಹಟಕ್ಕೆ ಬೀಳಲಿಲ್ಲ. ಗಟ್ಟಿಯಾದ ಸ್ನಾಯುಗಳನ್ನು ಮಾಲೀಸು ಮಾಡಿ ಸಡಿಲಿಸಿದರು, ಓಟದ ಪ್ರಾರಂಭವನ್ನು ತಿದ್ದಿದರು, ಮೈಯ ಶಕ್ತಿಯನ್ನು ಹದವಾಗಿ ಕಾಯ್ದಿಡುವುದನ್ನು ಕಲಿಸಿದರು. ಹುಡುಗನ ವೇಗ ಯಾವುದರಿಂದ ಹುಟ್ಟುತ್ತದೆಯೋ ಅದನ್ನು ಮಾತ್ರ ಮುಟ್ಟದೆ ಬಿಟ್ಟರು. ಶಿಷ್ಯನನ್ನು ತನ್ನ ಅಚ್ಚಿಗೆ ಎರಕ ಹೊಯ್ಯದಿರುವುದು ಕೋಚುಗಳಿಗೆ ಸುಲಭಕ್ಕೆ ಬರುವ ಗುಣವಲ್ಲ. ಮೂರು ವರ್ಷಗಳ ನಂತರ ಇನ್ನೂ ದೊಡ್ಡ ವಿಷಯದಲ್ಲಿ ಮೆಕರ್ಚರ್ ಅವರ ಈ ಗುಣ ಪರೀಕ್ಷೆಗೆ ಬಂತು.

1922 ಮತ್ತು 1923ರಲ್ಲಿ ಲಿಡೆಲ್ ಸ್ಕಾಟ್ಲೆಂಡ್ ರಗ್ಬಿ ತಂಡಕ್ಕೆ ಏಳು ಪಂದ್ಯ ಆಡಿದರು. 1923ರಲ್ಲಿ ನೂರು ಗಜವನ್ನು 9.7 ಸೆಕೆಂಡಿನಲ್ಲಿ ಓಡಿದರು; ಆ ಬ್ರಿಟಿಷ್ ದಾಖಲೆ 35 ವರ್ಷ ಅಳಿಯಲಿಲ್ಲ. ಅದೇ ಜುಲೈನಲ್ಲಿ ಸ್ಟೋಕ್ ಪಟ್ಟಣದಲ್ಲಿ ನಡೆದ 440 ಗಜಗಳ ಓಟ ಇನ್ನೊಂದು ಬಗೆಯಲ್ಲಿ ಜನರ ನೆನಪಿನಲ್ಲಿ ಉಳಿಯಿತು. ಆರಂಭದಲ್ಲೇ ಇನ್ನೊಬ್ಬ ಓಟಗಾರನಿಗೆ ತಾಕಿ ಲಿಡೆಲ್ ಪಕ್ಕದ ಹುಲ್ಲಿನ ಮೇಲೆ ಬಿದ್ದರು. ತಮ್ಮನ್ನು ಹೊರಹಾಕಿದ್ದಾರೆ ಎಂದುಕೊಂಡು ಅವರು ನಿಂತೇಬಿಟ್ಟಿದ್ದರು. ಅಧಿಕಾರಿಗಳು ಓಡು ಎಂದು ಕೈಬೀಸಿದಾಗ ಮುಂದಿನವರು ಇಪ್ಪತ್ತು ಗಜದಾಚೆ ಇದ್ದರು. ಅಲ್ಲಿಂದ ಓಡಿ ಎಲ್ಲರನ್ನೂ ಹಿಂದಿಕ್ಕಿ ಗೆದ್ದು, ಗೆರೆ ದಾಟಿದ ಮೇಲೆ ಕುಸಿದರು. ನಾನೂರು ಮೀಟರಿನ ಓಟಗಾರ ಅವರೊಳಗೆ ಇದ್ದಾನೆಂಬ ಸುಳಿವು ಅಂದೇ ಸಿಕ್ಕಿತ್ತು ಎಂದು ಆಮೇಲೆ ಅನೇಕರು ಹೇಳಿದರು. ಪ್ಯಾರಿಸ್ ಆದ ಮೇಲೆ ಹೀಗೆ ಹೇಳುವುದು ಎಲ್ಲರಿಗೂ ಸಲೀಸು.

ಆ ವರ್ಷದ ಏಪ್ರಿಲ್‌ನಲ್ಲಿ ಮೈದಾನದಾಚೆ ಒಂದು ಸಣ್ಣ ಘಟನೆ ನಡೆಯಿತು. ಡಿ.ಪಿ. ಥಾಮ್ಸನ್ ಎಂಬ ಯುವ ಸುವಾರ್ತಿಕರು ಗಣಿ ಕಾರ್ಮಿಕರ ಊರಾದ ಆರ್ಮಡೇಲ್‌ನಲ್ಲಿ ಕೂಟ ನಡೆಸುತ್ತಿದ್ದರು. ಗಂಡಸರು ಬರುತ್ತಿರಲಿಲ್ಲ. ರಗ್ಬಿ ಆಟಗಾರ ಬಂದರೆ ಅವರೂ ಬರುತ್ತಾರೆಂದು ಲೆಕ್ಕ ಹಾಕಿ ಲಿಡೆಲ್ ಅವರನ್ನು ಕೇಳಿದರು. ಕ್ರಿಸ್ತನ ವಿಷಯವಾಗಿ ನಾಲ್ಕು ಜನರೆದುರು ಅದುವರೆಗೆ ಬಾಯಿಬಿಡದಿದ್ದ ಲಿಡೆಲ್ ಒಪ್ಪಿದರು. ಸುಮಾರು ಎಂಬತ್ತು ಜನ ಸೇರಿದರು. ಅವರ ಮಾತಿನಲ್ಲಿ ವಾಗ್ಮಿತೆ ಇರಲಿಲ್ಲ. ತಮ್ಮ ನಂಬಿಕೆಯಿಂದ ತಮಗೆ ಸಿಗುವ ಬಲವನ್ನು ಗೆಳೆಯರ ನಡುವೆ ಹೇಳುವಂತೆ ತಗ್ಗಿದ ದನಿಯಲ್ಲಿ ಹೇಳಿದರು. ಕ್ರೈಸ್ತರು ‘ಸಾಕ್ಷಿ ಹೇಳುವುದು’ ಎನ್ನುವ ಈ ರೂಢಿ ಆಟಗಾರನ ಬಾಯಲ್ಲಿ ಹೊಸ ರುಚಿ ಪಡೆಯಿತು. ಕೂಟಗಳಿಂದ ಕೂಟಗಳಿಗೆ ಕರೆ ಬರತೊಡಗಿತು.

ಆಟ ಮತ್ತು ಸಭೆಯ ನಂಟು ಅಲ್ಲಿಗೆ ಹೊಸದೇನೂ ಆಗಿರಲಿಲ್ಲ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲ ಓಟದ ಪಂದ್ಯದ ಉಪಮೆ ತರುತ್ತಾನೆ, ಬಾಡಿಹೋಗುವ ಕಿರೀಟದ ಮಾತಾಡುತ್ತಾನೆ. ಇಸ್ತಮಸ್ ಕ್ರೀಡೆಗಳು ಆ ಊರಿನ ಹತ್ತಿರವೇ ನಡೆಯುತ್ತಿದ್ದುದರಿಂದ ಓದುಗರಿಗೆ ಅದು ಕಣ್ಣೆದುರಿನ ಚಿತ್ರ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಕಿಂಗ್ಸ್ಲಿ, ಥಾಮಸ್ ಹ್ಯೂಸ್ ಮೊದಲಾದವರ ಬರಹಗಳಿಂದ ಗಟ್ಟಿ ಮೈ, ಗಟ್ಟಿ ನಡತೆ, ಗಟ್ಟಿ ಭಕ್ತಿ ಒಟ್ಟಿಗೆ ಬೆಳೆಯಬೇಕೆಂಬ ವಿಚಾರ ಹಬ್ಬಿತು. ಲಂಡನ್ನಿನಲ್ಲಿ 1844ರಲ್ಲಿ ಶುರುವಾದ ವೈ.ಎಂ.ಸಿ.ಎ. ಇದನ್ನು ವ್ಯಾಯಾಮಶಾಲೆಗೆ ಇಳಿಸಿತು. ಅದರ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ 1891ರ ಚಳಿಗಾಲಕ್ಕೆಂದು ಬ್ಯಾಸ್ಕೆಟ್‌ಬಾಲ್ ಹೊಸೆದರು; ವಿಲಿಯಂ ಮಾರ್ಗನ್ 1895ರಲ್ಲಿ ವಾಲಿಬಾಲ್ ಹುಟ್ಟುಹಾಕಿದರು. ನಮ್ಮ ಹಳ್ಳಿಶಾಲೆಗಳ ಬಯಲಿನಲ್ಲಿ ಎರಡು ಕಂಬ ನೆಟ್ಟು ಬಲೆ ಕಟ್ಟಿ ಆಡುವ ಹುಡುಗರಿಗೆ ಆ ಆಟ ಪ್ರಾರ್ಥನೆಯ ಪಕ್ಕದ ಕೋಣೆಯಲ್ಲಿ ಹುಟ್ಟಿದ್ದೆಂದು ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ಆದರೆ ಸ್ಕಾಟ್ಲೆಂಡಿನ ಭಾನುವಾರ ಬೇರೆಯದೇ ಸಂಗತಿ. ಸೃಷ್ಟಿಕರ್ತನೇ ವಿಶ್ರಮಿಸಿದ ದಿನ ಎಂಬ ನಂಬಿಕೆಯಿಂದ ಅಂಗಡಿ, ಆಟ, ಮನರಂಜನೆ ಎಲ್ಲಕ್ಕೂ ಅಂದು ಬೀಗ. ಎಷ್ಟೋ ಕಡೆ ಪಾರ್ಕಿನ ಉಯ್ಯಾಲೆಗಳಿಗೂ ಸರಪಳಿ ಬಿಗಿಯುತ್ತಿದ್ದರು. ಆ ಸಂಪ್ರದಾಯದಲ್ಲಿ ಬೆಳೆದ ಲಿಡೆಲ್‌ಗೆ ಭಾನುವಾರ ಓಡದಿರುವುದು ಮಹಾತ್ಯಾಗವಾಗಿ ಕಂಡಿರಲಾರದು. ಒಲಿಂಪಿಕ್ಸ್‌ನ ವೇಳಾಪಟ್ಟಿ ತಿಂಗಳುಗಳ ಮೊದಲೇ ಕೈಗೆ ಬಂದಿತ್ತು. ನೂರು ಮೀಟರ್ ಮಾತ್ರವಲ್ಲ, ಎರಡು ರಿಲೇ ಓಟಗಳೂ ಭಾನುವಾರಕ್ಕೆ ತಗಲುತ್ತಿದ್ದವು. ಮೂರನ್ನೂ ಅವರು ಬಿಟ್ಟರು. ಪ್ಯಾರಿಸ್ಸಿಗೆ ಹೊರಟ ದೋಣಿ ಹತ್ತುವಾಗ ಸುದ್ದಿ ತಿಳಿದು ಕಂಗಾಲಾದಂತೆ ಸಿನಿಮಾ ತೋರಿಸುವುದು ಕಥೆಯ ರಂಗಿಗಾಗಿ. ನಡೆದದ್ದರಲ್ಲಿ ಅಂಥ ನಾಟಕ ಇರಲಿಲ್ಲ. ದೇಶಕ್ಕೆ ಬೆನ್ನು ತಿರುಗಿಸಿದ ಎಂದು ಆಡಿಕೊಂಡವರಿದ್ದರು, ಮನಸ್ಸು ಬದಲಿಸಲು ಒತ್ತಾಯಿಸಿದವರಿದ್ದರು. ಅವರು ಯಾರೊಂದಿಗೂ ವಾದಕ್ಕೆ ನಿಲ್ಲಲಿಲ್ಲ, ಭಾನುವಾರ ಓಡುವ ಉಳಿದವರನ್ನು ಜರೆಯಲೂ ಇಲ್ಲ.

ಮೆಕರ್ಚರ್ ಅವರ ಪರೀಕ್ಷೆ ಇಲ್ಲಿ ಬಂತು. ಮೂರು ವರ್ಷ ಉಜ್ಜಿ ತಿದ್ದಿದ ನೂರು ಮೀಟರಿನ ಓಟಗಾರ ಈಗ ಆ ಓಟಕ್ಕಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು, ಇಲ್ಲವೇ ಕೈತೊಳೆದುಕೊಳ್ಳುತ್ತಿದ್ದರು. ಮೆಕರ್ಚರ್ ಶಿಷ್ಯನನ್ನು ಇನ್ನೂರು ಮತ್ತು ನಾನೂರಕ್ಕೆ ಅಣಿಗೊಳಿಸುವ ಕೆಲಸಕ್ಕೆ ಇಳಿದರು. ನಂಬಿಕೆಯುಳ್ಳ ಆಟಗಾರನಿಗೆ ಕೋಚ್ ಕೊಡಬಹುದಾದ ಉತ್ತೇಜನ ಎಂದರೆ ಬಹುಶಃ ಇಷ್ಟೇ: ನಿರ್ಧಾರ ಅವನದೆಂದು ಬಿಟ್ಟುಕೊಟ್ಟು, ಆ ನಿರ್ಧಾರ ಉಳಿಸಿದ ದಾರಿಯಲ್ಲಿ ಜೊತೆ ನಡೆಯುವುದು. ನಾನೂರು ಮೀಟರನ್ನು ಆಗ ಇಡೀ ದೂರ ಒಂದೇ ವೇಗದಲ್ಲಿ ಓಡಬಲ್ಲ ಓಟವೆಂದು ಭಾವಿಸುತ್ತಿರಲಿಲ್ಲ. ಮೊದಲರ್ಧ ಉಸಿರು ಉಳಿಸಿ, ಕೊನೆಗೆ ಬಲ ಬಿಡುವುದು ವಾಡಿಕೆ. ನೂರರ ಓಟಗಾರನ ಆಟ ಅದಲ್ಲ.

ಪ್ಯಾರಿಸ್ಸಿನ ಕೊಲಂಬ್ ಕ್ರೀಡಾಂಗಣದಲ್ಲಿ ನೂರು ಮೀಟರಿನ ಚಿನ್ನ ಅಬ್ರಹಾಮ್ಸ್ ಪಾಲಾಯಿತು. ಇನ್ನೂರರಲ್ಲಿ ಅಮೆರಿಕದ ಜಾಕ್ಸನ್ ಶೋಲ್ಜ್, ಚಾರ್ಲಿ ಪ್ಯಾಡಕ್ ಅವರ ಹಿಂದೆ ಲಿಡೆಲ್ ಮೂರನೆಯವರಾಗಿ ಕಂಚು ಪಡೆದರು. ಆ ಕಂಚು ಇಂದು ಯಾರ ಬಾಯಲ್ಲೂ ಇಲ್ಲ. ಜುಲೈ 11, ಶುಕ್ರವಾರ, ನಾನೂರರ ಫೈನಲ್. ಅಂದು ಬ್ರಿಟಿಷ್ ತಂಡದ ಮಾಲೀಸಿನವರೊಬ್ಬರು ಮಡಿಸಿದ ಚೀಟಿಯೊಂದನ್ನು ಅವರಿಗೆ ಕೊಟ್ಟರು. ದೇವರನ್ನು ಗೌರವಿಸುವವರನ್ನು ದೇವರೂ ಗೌರವಿಸುತ್ತಾನೆ ಎಂಬ, ಸಮುವೇಲನ ಮೊದಲ ಪುಸ್ತಕದ ಎರಡನೆಯ ಅಧ್ಯಾಯದ ಭಾವ ಅದರಲ್ಲಿತ್ತು. ಸಿನಿಮಾ ಈ ಚೀಟಿಯನ್ನು ಎದುರಾಳಿ ಶೋಲ್ಜ್ ಕೈಯಿಂದ ಕೊಡಿಸುತ್ತದೆ. ಕೊಟ್ಟದ್ದು ಪದಕದ ಆಸೆಯಿಲ್ಲದ, ದಿನವಿಡೀ ಇತರರ ಕಾಲು ತಿಕ್ಕುವ ಕೆಲಸದವರೊಬ್ಬರು ಎಂಬ ನಿಜವೇ ಹೆಚ್ಚು ಚೆಂದ. ಗೆಲ್ಲುತ್ತೀ ಎಂಬ ಭರವಸೆ ಆ ಚೀಟಿಯಲ್ಲಿರಲಿಲ್ಲ. ತಮ್ಮ ನಿಲುವನ್ನು ತಂಡದೊಳಗೇ ಯಾರೋ ಒಬ್ಬರು ಅರ್ಥ ಮಾಡಿಕೊಂಡಿದ್ದಾರೆ ಎಂದು ತಿಳಿಯಲು ಅಷ್ಟು ಸಾಕಿತ್ತು.

ಆ ಕಾಲದಲ್ಲಿ ಸ್ಟಾರ್ಟಿಂಗ್ ಬ್ಲಾಕ್ ಇರಲಿಲ್ಲ. ಓಟಗಾರರು ಪುಟ್ಟ ಕರಣೆಯಿಂದ ಟ್ರ್ಯಾಕಿನಲ್ಲಿ ಕುಳಿ ತೋಡಿ ಕಾಲು ಊರುತ್ತಿದ್ದರು. ಕರಣೆ ಇಲ್ಲದವರಿಗೆ ತಮ್ಮದನ್ನು ಕೊಡುವುದು, ಓಟಕ್ಕೆ ಮುಂಚೆ ಪ್ರತಿಯೊಬ್ಬ ಎದುರಾಳಿಯ ಕೈ ಕುಲುಕುವುದು ಲಿಡೆಲ್‌ರ ರೂಢಿ. ಅಂದು ಅವರಿಗೆ ಸಿಕ್ಕಿದ್ದು ಎಲ್ಲಕ್ಕಿಂತ ಹೊರಗಿನ ಲೇನ್. ಅಲ್ಲಿಂದ ಹಿಂದಿನವರು ಕಾಣುವುದಿಲ್ಲ, ವೇಗ ಅಳೆಯಲು ಮುಂದೆ ಯಾರೂ ಇರುವುದಿಲ್ಲ. ಲಿಡೆಲ್ ಮೊದಲ ಇನ್ನೂರನ್ನೇ ನೂರರ ಓಟದಂತೆ ಓಡಿ 22.2 ಸೆಕೆಂಡಿನಲ್ಲಿ ಮುಗಿಸಿದರು. ಇವನು ಕುಸಿಯುತ್ತಾನೆಂದು ನೋಡುವವರೆಲ್ಲ ಕಾದರು. ತಲೆ ಹಿಂದಕ್ಕೆ ವಾಲಿತು, ತೋಳು ಬೀಸಿತು. 47.6 ಸೆಕೆಂಡಿನಲ್ಲಿ ಓಟ ಮುಗಿದಾಗ ಎರಡನೆಯವರಾದ ಅಮೆರಿಕದ ಹೊರೇಷಿಯೋ ಫಿಚ್ ಮೀಟರುಗಳಷ್ಟು ಹಿಂದೆ ಇದ್ದರು. ಅದು ಒಲಿಂಪಿಕ್ ದಾಖಲೆ. ಭಾನುವಾರ ಬಿಟ್ಟದ್ದಕ್ಕೆ ದೇವರು ಶುಕ್ರವಾರ ಕೊಟ್ಟನು ಎಂದು ಭಕ್ತರು ಅಂದಿನಿಂದ ಹೇಳಿಕೊಂಡು ಬಂದರು. ಲಿಡೆಲ್ ಮಾತ್ರ ಅದನ್ನು ದೇವರೊಂದಿಗಿನ ವ್ಯಾಪಾರವಾಗಿ ಮಾಡಲಿಲ್ಲ. ಸೋತಿದ್ದರೂ ಮುಂದಿನ ವರ್ಷ ಚೀನಾಕ್ಕೆ ಹೋಗುವುದು ಅದಾಗಲೇ ನಿಶ್ಚಯವಾಗಿತ್ತು.

ಅದೇ ಪ್ಯಾರಿಸ್ಸಿಗೆ ಭಾರತದ ತಂಡವನ್ನು ಕರೆದುಕೊಂಡು ಹೋದವರು ಹ್ಯಾರಿ ಕ್ರೋ ಬಕ್. ಅವರೂ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ ಕಲಿತ ವೈ.ಎಂ.ಸಿ.ಎ.ಯವರು, ಅಮೆರಿಕದವರು. 1920ರಲ್ಲಿ ಮದರಾಸಿನಲ್ಲಿ ಅವರು ತೆರೆದ ದೈಹಿಕ ಶಿಕ್ಷಣ ಶಾಲೆ ಏಷ್ಯಾದಲ್ಲೇ ಆ ಬಗೆಯ ಮೊದಲನೆಯದು. ಮಂಗಳೂರು, ಬಳ್ಳಾರಿಗಳು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದವು. ಡ್ರಿಲ್ ಮಾಸ್ಟರ್ ಎಂದರೆ ಬೆತ್ತ ಹಿಡಿದು ಸಾಲು ನಿಲ್ಲಿಸುವವನು ಎಂಬ ಕಾಲದಲ್ಲಿ, ಆಟ ಕಲಿಸುವುದೂ ಓದಿ ಕಲಿಯಬೇಕಾದ ವಿದ್ಯೆ ಎಂಬುದನ್ನು ದಕ್ಷಿಣ ಭಾರತಕ್ಕೆ ತೋರಿಸಿಕೊಟ್ಟದ್ದು ಆ ಶಾಲೆ. ಬಕ್ 1943ರಲ್ಲಿ ಮದರಾಸಿನಲ್ಲೇ ತೀರಿಕೊಂಡರು.

ಲಿಡೆಲ್ ಎಳೆದ ಗೆರೆಯ ಮೇಲೆ ನಡೆಯಲು ಹೊರಟ ನಂತರದವರಿಗೆ ಅದು ಸಲೀಸಾಗಲಿಲ್ಲ. ಬ್ರಿಟನ್ನಿನ ತ್ರಿವಿಧ ಜಿಗಿತಗಾರ ಜೊನಾಥನ್ ಎಡ್ವರ್ಡ್ಸ್ ಪಾದ್ರಿಯ ಮಗ. ಭಾನುವಾರ ಎಂಬ ಕಾರಣಕ್ಕೇ 1991ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್ ಬಿಟ್ಟರು. 1993ರಲ್ಲಿ, ದೇವರು ಕೊಟ್ಟ ವರವನ್ನು ಭಾನುವಾರವೂ ಬಳಸಬಹುದು ಎಂಬ ತೀರ್ಮಾನಕ್ಕೆ ಬಂದು ಜಿಗಿಯತೊಡಗಿದರು. 1995ರಲ್ಲಿ 18.29 ಮೀಟರ್ ಜಿಗಿದು ವಿಶ್ವದಾಖಲೆ ಬರೆದರು, 2000ದಲ್ಲಿ ಸಿಡ್ನಿಯಲ್ಲಿ ಚಿನ್ನ ಗೆದ್ದರು. ಕಣದಿಂದ ನಿವೃತ್ತರಾದ ಮೇಲೆ, 2007ರಲ್ಲಿ, ತಮಗೆ ದೇವರಲ್ಲಿ ನಂಬಿಕೆ ಉಳಿದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಉತ್ತೇಜನದ ಪ್ರಸಂಗಗಳಲ್ಲಿ ಈ ಕಥೆಯನ್ನು ಹೇಳುವವರು ಕಡಿಮೆ. ಹೇಳಬೇಕಾದದ್ದು ಇದನ್ನೇ, ಪದಕದ ಆಸರೆಯಲ್ಲಿ ನಿಂತ ನಂಬಿಕೆ ಆಟ ಮುಗಿದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಯುವ ಆಟಗಾರರೆದುರು ಇಡಲು ಇದಕ್ಕಿಂತ ಪ್ರಾಮಾಣಿಕ ಉದಾಹರಣೆ ಸಿಗುವುದು ಕಷ್ಟ.

ಅಮೆರಿಕದ ಬೇಸ್‌ಬಾಲ್ ವ್ಯವಸ್ಥಾಪಕ ಬ್ರಾಂಚ್ ರಿಕ್ಕಿ ಕೂಡ ಭಾನುವಾರದ ಪಂದ್ಯಕ್ಕೆ ಹೋಗದ ಮೆಥೊಡಿಸ್ಟ್. ಆದರೆ ಅವರ ನಂಬಿಕೆಗೆ ನಿಜವಾದ ಬೆಲೆ ಬಂದದ್ದು ಬೇರೊಂದು ಕಡೆ. ಕರಿಯರನ್ನು ಹೊರಗಿಟ್ಟಿದ್ದ ದೊಡ್ಡ ಲೀಗಿಗೆ ಅವರು ಜಾಕಿ ರಾಬಿನ್ಸನ್ ಅವರನ್ನು 1947ರಲ್ಲಿ ತಂದರು. ಬೈಗುಳಕ್ಕೆ ತಿರುಗೇಟು ಕೊಡದ ಧೈರ್ಯ ಬೇಕೆಂದು ಮೊದಲೇ ಕೇಳಿಕೊಂಡಿದ್ದರು. ಒಕ್ಲಹಾಮದ ಬ್ಯಾಸ್ಕೆಟ್‌ಬಾಲ್ ಕೋಚ್ ಡಾನ್ ಮೆಕ್ಲಾನೆನ್ 1954ರಲ್ಲಿ ಕ್ರೈಸ್ತ ಆಟಗಾರರ, ಕೋಚುಗಳ ಬಳಗವಾದ ‘ಫೆಲೋಶಿಪ್ ಆಫ್ ಕ್ರಿಶ್ಚಿಯನ್ ಅಥ್ಲೀಟ್ಸ್’ ಕಟ್ಟಿದಾಗ ಬೆಂಬಲಕ್ಕೆ ನಿಂತವರು ಇದೇ ರಿಕ್ಕಿ. ಇಂಥ ಬಳಗಗಳಲ್ಲಿ ಪಂದ್ಯಕ್ಕೆ ಮುಂಚೆ ವಾಕ್ಯ ಓದುವುದು, ಪ್ರಾರ್ಥಿಸುವುದು ವಾಡಿಕೆ. ಎರಡೂ ತಂಡದವರು ಗೆಲುವಿಗಾಗಿ ಪ್ರಾರ್ಥಿಸಿದರೆ ದೇವರು ಯಾರ ಪಕ್ಷ ಎಂಬ ಹಳೆಯ ಹಾಸ್ಯ ಅಲ್ಲಿನವರಿಗೂ ಗೊತ್ತು. ಅನುಭವಿ ಕೋಚುಗಳು ಗೆಲುವನ್ನು ಕೇಳುವುದಿಲ್ಲ. ಪೆಟ್ಟಾಗದಿರಲಿ, ಕೈಲಾದಷ್ಟು ಆಡುವಂತಾಗಲಿ, ಸೋತವರ ಮುಖ ನೋಡುವ ಸೌಜನ್ಯ ಉಳಿಯಲಿ ಎಂದು ಕೇಳುತ್ತಾರೆ.

1925ರಲ್ಲಿ ಲಿಡೆಲ್ ಎಡಿನ್‌ಬರೋದಿಂದ ಚೀನಾಕ್ಕೆ ಹೊರಟಾಗ ರೈಲು ನಿಲ್ದಾಣದಲ್ಲಿ ಜನ ಕಿಕ್ಕಿರಿದು ಸ್ತುತಿಗೀತೆ ಹಾಡಿದರು. 23ರ ವಯಸ್ಸು, ಓಟದ ಉತ್ತುಂಗ. ತಿಯಾನ್‌ಜಿನ್‌ನ ಆಂಗ್ಲೋ-ಚೈನೀಸ್ ಕಾಲೇಜಿನಲ್ಲಿ ಹುಡುಗರಿಗೆ ವಿಜ್ಞಾನ ಕಲಿಸಿದರು, ಆಟ ಆಡಿಸಿದರು. ಆ ನಗರದ ಮಿನ್‌ಯುವಾನ್ ಕ್ರೀಡಾಂಗಣವನ್ನು ರೂಪಿಸುವುದರಲ್ಲಿ ಅವರ ಕೈಯಿತ್ತು. 1934ರಲ್ಲಿ ಕೆನಡಾ ಮೂಲದ ಮಿಷನರಿ ದಂಪತಿಯ ಮಗಳು ಫ್ಲಾರೆನ್ಸ್ ಮೆಕೆಂಜಿಯವರನ್ನು ಮದುವೆಯಾದರು. 1937ರ ನಂತರ ಚೀನಾ-ಜಪಾನ್ ಯುದ್ಧದ ನಡುವೆ ಸಿಕ್ಕಿಕೊಂಡ ಶಿಯಾವ್‌ಚಾಂಗ್ ಎಂಬ ಹಳ್ಳಿಗಾಡಿನಲ್ಲಿ, ವೈದ್ಯರಾದ ಅಣ್ಣ ರಾಬ್ ಜೊತೆ ಕೆಲಸ ಮಾಡಿದರು. 1941ರಲ್ಲಿ ಅಪಾಯ ಹೆಚ್ಚಾದಾಗ ಗರ್ಭಿಣಿ ಹೆಂಡತಿಯನ್ನು, ಇಬ್ಬರು ಹೆಣ್ಣುಮಕ್ಕಳನ್ನು ಕೆನಡಾಕ್ಕೆ ಕಳುಹಿಸಿ ತಾವು ಉಳಿದರು. ಮೂರನೆಯ ಮಗಳ ಮುಖ ಅವರು ನೋಡಲೇ ಇಲ್ಲ.

1943ರಲ್ಲಿ ಜಪಾನಿ ಸೇನೆ ಉತ್ತರ ಚೀನಾದ ವಿದೇಶಿಯರನ್ನು ಷಾಂಡಾಂಗ್ ಪ್ರಾಂತದ ವೆಯ್‌ಶ್ಯೆನ್ ಊರಿನ ಹಳೆಯ ಮಿಷನ್ ಆವರಣದಲ್ಲಿ ಕೂಡಿಹಾಕಿತು. ಸಾವಿರದೈನೂರಕ್ಕೂ ಹೆಚ್ಚು ಜನ; ಒಂದು ಗೋಡೆಯೊಳಗೆ ವ್ಯಾಪಾರಿಗಳು, ಪಾದ್ರಿಗಳು, ಸನ್ಯಾಸಿನಿಯರು, ಸಂಗೀತಗಾರರು. ಚೀಫೂ ಎಂಬಲ್ಲಿನ ಮಿಷನರಿ ಶಾಲೆಯ ಮಕ್ಕಳೂ ಬಂದರು. ಅವರಲ್ಲಿ ಹೆಚ್ಚಿನವರ ತಂದೆತಾಯಿ ದೂರದಲ್ಲೆಲ್ಲೋ ಇದ್ದರು. ಆರು ವರ್ಷಕ್ಕೆ ಹಾಸ್ಟೆಲು ಕಂಡಿದ್ದ, ಈಗ ತಮ್ಮ ಮಕ್ಕಳಿಂದ ದೂರವಾಗಿದ್ದ ಮನುಷ್ಯನಿಗೆ ಆ ಮುಖಗಳ ಮೇಲಿನ ಬರಹ ಓದಲು ಕಷ್ಟವಾಗಲಿಲ್ಲ. ಮಕ್ಕಳಿಗೆ ಅವರು ‘ಎರಿಕ್ ಅಂಕಲ್’ ಆದರು. ಪ್ರಯೋಗಾಲಯವಿಲ್ಲದ ರಸಾಯನಶಾಸ್ತ್ರಕ್ಕೆ ಉಪಕರಣಗಳ ಚಿತ್ರ ಬರೆದು ಪಾಠ ಮಾಡಿದರು. ಮುರಿದ ಹಾಕಿ ಕೋಲುಗಳಿಗೆ ಹಾಸಿಗೆಯ ಬಟ್ಟೆ ಹರಿದು ಸುತ್ತಿ ಅಂಟು ಹಾಕಿದರು. ಬೆಳಕು ಹರಿಯುವ ಮುಂಚೆ ಎದ್ದು ಕಡಲೆಕಾಯಿ ಎಣ್ಣೆಯ ದೀಪದಲ್ಲಿ ವಾಕ್ಯ ಓದುತ್ತಿದ್ದರು. ಅದೇ ಶಿಬಿರದಲ್ಲಿದ್ದ, ಮುಂದೆ ದೇವತಾಶಾಸ್ತ್ರಜ್ಞರೆಂದು ಹೆಸರಾದ ಲ್ಯಾಂಗ್ಡನ್ ಗಿಲ್ಕಿ 1966ರಲ್ಲಿ ಆ ದಿನಗಳ ಬಗ್ಗೆ ಪುಸ್ತಕ ಬರೆದರು. ಗೇಣು ಜಾಗಕ್ಕೆ, ತುತ್ತು ಅನ್ನಕ್ಕೆ ಕಚ್ಚಾಡಿದ ಧರ್ಮವಂತರನ್ನು ಗಿಲ್ಕಿ ಮುಲಾಜಿಲ್ಲದೆ ಬಯಲಿಗೆಳೆದಿದ್ದಾರೆ. ಲಿಡೆಲ್ ವಿಷಯಕ್ಕೆ ಬಂದಾಗ ಮಾತ್ರ ಅವರ ಲೇಖನಿ ಮೆತ್ತಗಾಗುತ್ತದೆ.

ಆ ಭಾನುವಾರ ಬಂದದ್ದು ಇಲ್ಲಿಯೇ. ವಾರದ ಆಟಗಳನ್ನೆಲ್ಲ ಲಿಡೆಲ್ ನಡೆಸಿಕೊಡುತ್ತಿದ್ದರು; ಭಾನುವಾರ ಆಟ ಇರುತ್ತಿರಲಿಲ್ಲ. ಹದಿಹರೆಯದ ಹುಡುಗ ಹುಡುಗಿಯರು ಬೇಸರ ತಾಳಲಾರದೆ ಒಂದು ಭಾನುವಾರ ತಾವೇ ಹಾಕಿ ಪಂದ್ಯ ಏರ್ಪಡಿಸಿಕೊಂಡರು. ರೆಫರಿ ಇಲ್ಲದ ಪಂದ್ಯ ಹೊಡೆದಾಟದಲ್ಲಿ ಮುಗಿಯಿತು. ಲಿಡೆಲ್ ಅವರನ್ನು ಬೈಯಲಿಲ್ಲ, ಸಬ್ಬತ್ತಿನ ಬಗ್ಗೆ ಬೋಧನೆ ಮಾಡಲಿಲ್ಲ. ಮುಂದಿನ ಭಾನುವಾರ ಮೈದಾನಕ್ಕೆ ಬಂದು ತಾವೇ ರೆಫರಿಯಾಗಿ ನಿಂತರು. ಯಾರ ಒತ್ತಾಯಕ್ಕೂ ಬಗ್ಗದವನು ಎಂದು ಹೆಸರಾಗಿದ್ದ ಮನುಷ್ಯ ಹುಡುಗರ ಜಗಳಕ್ಕೆ ಬಗ್ಗಿದರು. ಶಿಬಿರದ ಕಟ್ಟುನಿಟ್ಟಿನ ಕ್ರೈಸ್ತರಿಗೆ ಅದು ರುಚಿಸಿತೋ ಇಲ್ಲವೋ, ಅಲ್ಲಿದ್ದ ಮಕ್ಕಳು ಮುದುಕರಾಗುವವರೆಗೂ ಅದನ್ನು ಮರೆಯಲಿಲ್ಲ. ಪ್ಯಾರಿಸ್ಸಿನಲ್ಲಿ ಬಿಟ್ಟದ್ದು ಅವರದೇ ಓಟ, ಕಳೆದುಕೊಳ್ಳುವುದೂ ಅವರದೇ ಆಗಿತ್ತು. ವೆಯ್‌ಶ್ಯೆನ್‌ನಲ್ಲಿ ನಿಯಮ ಉಳಿಸಿಕೊಂಡಿದ್ದರೆ ಅದರ ಬೆಲೆ ತೆರಬೇಕಾದವರು ಮಕ್ಕಳು.

ಆ ಮಕ್ಕಳಲ್ಲೊಬ್ಬ ಸ್ಟೀಫನ್ ಮೆಟ್‌ಕಾಫ್. ಲಿಡೆಲ್ ನಡೆಸುತ್ತಿದ್ದ ವೇದಪಾಠದಲ್ಲಿ ಬೆಟ್ಟದ ಪ್ರಸಂಗದ ಚರ್ಚೆ ಬಂತು. ವೈರಿಗಳನ್ನು ಪ್ರೀತಿಸಿರಿ ಎಂಬುದು ಕೇಳಲು ಚೆನ್ನ, ಈ ಜಪಾನಿ ಕಾವಲುಗಾರರನ್ನು ಪ್ರೀತಿಸುವುದು ಆಗುವ ಮಾತಲ್ಲ ಎಂದು ಹುಡುಗರು ತೀರ್ಮಾನಿಸುವುದರಲ್ಲಿದ್ದರು. ಮುಂದಿನ ಮಾತು ಅಲ್ಲೇ ಇದೆ ಎಂದು ಲಿಡೆಲ್ ತೋರಿಸಿದರು: ಹಿಂಸಿಸುವವರಿಗಾಗಿ ಪ್ರಾರ್ಥಿಸಬೇಕು. ಪ್ರೀತಿ ಬಾರದಿದ್ದರೂ ಪ್ರಾರ್ಥನೆ ಸಾಧ್ಯ, ಪ್ರಾರ್ಥಿಸುತ್ತ ಹೋದರೆ ದ್ವೇಷಿಸುವುದು ಕಷ್ಟವಾಗುತ್ತದೆ ಎಂಬುದು ಅವರ ಅನುಭವ. ಮೆಟ್‌ಕಾಫ್ ಅಂದಿನಿಂದ ಜಪಾನಿಗಳಿಗಾಗಿ ಪ್ರಾರ್ಥಿಸತೊಡಗಿದರು. 1945ರ ಚಳಿಗಾಲದಲ್ಲಿ ಆ ಹುಡುಗನ ಕಾಲಿಗೆ ಮೆಟ್ಟು ಇರಲಿಲ್ಲ. ಲಿಡೆಲ್ ತಮ್ಮ ಓಟದ ಶೂಗಳನ್ನು ಕೊಟ್ಟರು. ಸವೆದು, ಹೊಲಿದು, ತೇಪೆ ಹಾಕಿದ ಶೂಗಳು.

ಆಗಲೇ ಅವರಿಗೆ ತಲೆನೋವು ಶುರುವಾಗಿತ್ತು. ದುಡಿದು ದಣಿದದ್ದರಿಂದ ಬಂದ ನರದೌರ್ಬಲ್ಯ ಎಂದು ವೈದ್ಯರು ಭಾವಿಸಿದರು. ಭಾರವನ್ನೆಲ್ಲ ದೇವರ ಮೇಲೆ ಹಾಕಬಲ್ಲ ವಿಶ್ವಾಸಿಗೆ ಮನಸ್ಸು ಕುಸಿಯಬಾರದಲ್ಲ ಎಂದು ಲಿಡೆಲ್ ನೊಂದುಕೊಂಡರು. ಇತರರ ಎದೆಗೆ ಬಲ ತುಂಬಿದ ಮನುಷ್ಯ ಕೊನೆಗೆ ತನ್ನ ನಂಬಿಕೆಯನ್ನೇ ಶಂಕಿಸಿಕೊಂಡದ್ದು ತಪ್ಪು ಅಂದಾಜಿನ ಮೇಲೆ. ತಲೆಯೊಳಗೆ ಬೆಳೆಯುತ್ತಿದ್ದುದು ಗೆಡ್ಡೆ. ಶಿಬಿರದ ಸಾಲ್ವೇಷನ್ ಆರ್ಮಿ ಬ್ಯಾಂಡು ಆಸ್ಪತ್ರೆಯ ಹೊರಗೆ ನಿಂತು ಅವರು ಕೇಳಿದ ಗೀತೆ ನುಡಿಸಿತು. ಫೆಬ್ರವರಿ 21ರಂದು ಹೆಂಡತಿಗೆ ಪುಟ್ಟ ಪತ್ರ ಬರೆದರು. ಅಂದೇ ರಾತ್ರಿ ತೀರಿಕೊಂಡರು. ವಯಸ್ಸು 43. ಪೆಟ್ಟಿಗೆ ಹೊತ್ತವರಲ್ಲಿ ಮೆಟ್‌ಕಾಫ್ ಒಬ್ಬರು.

ಅದೇ ವರ್ಷದ ಆಗಸ್ಟ್ 17ರಂದು ಅಮೆರಿಕದ ಸೈನಿಕರು ಪ್ಯಾರಾಚೂಟಿನಲ್ಲಿ ಇಳಿದು ಶಿಬಿರದ ಬಾಗಿಲು ತೆರೆಸಿದರು. 1991ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಸ್ಕಾಟ್ಲೆಂಡಿನ ಮಲ್ ದ್ವೀಪದ ಗ್ರಾನೈಟ್ ಕಲ್ಲನ್ನು ತಂದು ಅಲ್ಲಿ ನೆಡಿಸಿತು. ಮೆಟ್‌ಕಾಫ್ 1952ರಲ್ಲಿ ಮಿಷನರಿಯಾಗಿ ಹಡಗು ಹತ್ತಿದರು. ಅವರು ಹೋದದ್ದು ಜಪಾನಿಗೆ.